ಅಘನಾಶಿನಿ ಅಳಿವೆ: ಉಪ್ಪುನೀರಿನ ನಾಡಿನ ಪರಿಚಯ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ವಿಶಾಲ ಜಲಪ್ರದೇಶವೇ ಅಘನಾಶಿನಿ ಅಳಿವೆ. ಗೋಕರ್ಣಕ್ಕೆ ಬರುವ ಯಾತ್ರಿಕರಲ್ಲಿ ಬಹುತೇಕರು ಮಹಾಬಲೇಶ್ವರನ ದರ್ಶನ ಪಡೆದು, ಓಂ ಕಡಲತೀರವನ್ನು ಕಂಡು ಹಿಂದಿರುಗುತ್ತಾರೆ. ಕೆಲವೇ ಮೈಲಿಗಳಾಚೆ ಇರುವ ಈ ಉಪ್ಪುನೀರಿನ ನಾಡು ಅವರ ಗಮನಕ್ಕೆ ಬರುವುದು ಅಪರೂಪ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮ ಓದುಗರಲ್ಲಿ ಈ ಸೀಮೆಯಿಂದ ಬಂದವರು ಅನೇಕರಿದ್ದಾರೆ. ಅವರಿಗೆ ಇದು ತವರಿನ ನೆನಪು. ಉಳಿದವರಿಗಾಗಿ ಈ ಪ್ರದೇಶದ ನಿಸರ್ಗ, ಕೃಷಿ, ಇತಿಹಾಸಗಳ ಕಿರುಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

ನದಿಯ ಪಾತ್ರ

ಅಘನಾಶಿನಿ ಎಂದರೆ ಪಾಪನಾಶಿನಿ. ಸಿರಸಿ ಪಟ್ಟಣದ ಶಂಕರಹೊಂಡದಲ್ಲೊಂದು, ವೆಂಕಟರಮಣ ಕ್ಷೇತ್ರವಾದ ಮಂಜುಗುಣಿಯ ಬಳಿ ಇನ್ನೊಂದು, ಹೀಗೆ ಎರಡು ಮೂಲಗಳಿಂದ ಹೊರಟ ತೊರೆಗಳು ಕೂಡಿ ಈ ನದಿಯಾಗುತ್ತದೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ನದಿಯು 116 ಮೀಟರ್ ಆಳಕ್ಕೆ ಧುಮುಕುತ್ತದೆ. ಅಬ್ಬರಕ್ಕೆ ಕಿವಿ ಕಿವುಡಾಗುವುದರಿಂದ ಸುತ್ತಲಿನ ಜನ ಇದನ್ನು ಕೆಪ್ಪಜೋಗ ಎಂದು ಕರೆದರು. 1845ರಲ್ಲಿ ಇದನ್ನು ಕಂಡ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರೂ ಅದಕ್ಕೆ ಅಂಟಿಕೊಂಡಿತು. ನಮಗೆ ಕೆಪ್ಪಜೋಗವೆಂಬ ಹೆಸರೇ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ಅಲ್ಲಿಂದ ಕೆಳಗೆ ದಟ್ಟ ಕಣಿವೆ. ಸಿಂಗಳೀಕಗಳ ಈ ನೆಲೆಯ ಒಂದು ಭಾಗವನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಘಟ್ಟವಿಳಿದ ನದಿಗೆ ಉಪ್ಪಿನಪಟ್ಟಣದ ಆಸುಪಾಸಿನಲ್ಲಿ ಸಮುದ್ರದ ಭರತ ಇಳಿತಗಳ ಸ್ಪರ್ಶವಾಗುತ್ತದೆ. ಅಲ್ಲಿಂದ ಕೆಳಗೆ ನದಿಯು ನದಿಯೂ ಅಲ್ಲ, ಕಡಲೂ ಅಲ್ಲ. ಮಿರ್ಜಾನ, ದೀವಗಿಗಳನ್ನು ದಾಟಿದ ಮೇಲೆ ಪಾತ್ರ ಅಗಲವಾಗುತ್ತಾ ಹೋಗಿ, ನಡುವೆ ಐಗಳಕುರ್ವೆಯಂತಹ ನಡುಗಡ್ಡೆಗಳನ್ನು ತಬ್ಬಿಕೊಂಡು, ಉತ್ತರಕ್ಕೆ ತದಡಿ, ದಕ್ಷಿಣಕ್ಕೆ ಅಘನಾಶಿನಿ ಎಂಬ ಊರುಗಳ ನಡುವಿನ ಕಿರಿದಾದ ಬಾಯಿಯ ಮೂಲಕ ಸಮುದ್ರವನ್ನು ಸೇರುತ್ತದೆ. ಈ ಭಾಗದಲ್ಲಿ ಕುರ್ವೆ ಎಂದರೆ ನದಿಯ ನಡುವಿನ ದ್ವೀಪ. ದಡದಿಂದ ದಡಕ್ಕೆ ದೋಣಿಯಲ್ಲಿ ಹೋಗುವವನಿಗೆ ಒಂದೆಡೆ ಕಾಂಡ್ಲಾ ಗಿಡಗಳ ಹಸಿರು ಗೋಡೆ, ಇನ್ನೊಂದೆಡೆ ತೆಂಗಿನ ಸಾಲು, ಪೂರ್ವಕ್ಕೆ ಸಹ್ಯಾದ್ರಿಯ ನೀಲಿ ರೇಖೆ ಕಾಣುತ್ತವೆ. ಇಳಿತದ ಹೊತ್ತಿನಲ್ಲಿ ನೀರು ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಚಳಿಗಾಲದಲ್ಲಿ ವಲಸೆಹಕ್ಕಿಗಳು ಬಂದಿಳಿಯುವುದು ಈ ಬಯಲಿಗೇ.

ಈ ನದಿಗೆ ಅಣೆಕಟ್ಟಿಲ್ಲ ಎಂಬುದು ಬಹುಮುಖ್ಯ ಸಂಗತಿ. ಜಿಲ್ಲೆಯ ಕಾಳಿಗೂ ಶರಾವತಿಗೂ ವಿದ್ಯುತ್ತಿಗಾಗಿ ಕಟ್ಟೆಗಳನ್ನು ಕಟ್ಟಲಾಗಿದೆ. ಜಲಾಶಯದಿಂದ ನೀರು ಬಿಡುವ ನದಿಗಳಲ್ಲಿ ಅಳಿವೆಯ ಉಪ್ಪಿನಂಶ ಪ್ರಕೃತಿಯ ಲೆಕ್ಕಕ್ಕೆ ಬದಲು ಯಂತ್ರದ ಲೆಕ್ಕಕ್ಕೆ ನಡೆಯುತ್ತದೆ. ಅಘನಾಶಿನಿಯಲ್ಲಿ ಹಾಗಲ್ಲ. ಮಳೆಗಾಲದಲ್ಲಿ ಕೆಂಪು ನೆರೆ ಬಂದು ಅಳಿವೆ ಸಿಹಿಯಾಗುತ್ತದೆ, ಬೇಸಗೆಯಲ್ಲಿ ಕಡಲು ಒಳನುಗ್ಗಿ ಉಪ್ಪಾಗುತ್ತದೆ. ಮುಂದೆ ಹೇಳಲಿರುವ ಭತ್ತ, ಚಿಪ್ಪು, ಉಪ್ಪು ಮೂರೂ ಈ ಏರಿಳಿತವನ್ನು ನೆಚ್ಚಿಕೊಂಡಿವೆ.

ಗಜನಿ ಮತ್ತು ಕಗ್ಗ

ಅಳಿವೆಯ ಅಂಚಿನ ತಗ್ಗುಭೂಮಿಗೆ ಇಲ್ಲಿನ ಜನ ಗಜನಿ ಎನ್ನುತ್ತಾರೆ. ಮಾಣಿಕಟ್ಟಾ, ಕಾಗಾಲ, ಹೆಗಡೆ, ಮಾಸೂರು, ಲುಕ್ಕೇರಿ, ಬೆಟ್ಕುಳಿ ಮೊದಲಾದ ಊರುಗಳ ಸುತ್ತ ಇಂಥ ಗಜನಿಗಳು ಹರಡಿಕೊಂಡಿವೆ. ಭರತದ ನೀರು ಒಳನುಗ್ಗದಂತೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ನೀರನ್ನು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂಬುದು ಒಬ್ಬನ ನಿರ್ಧಾರವಲ್ಲ. ಒಂದೇ ಒಡ್ಡಿನೊಳಗೆ ಹತ್ತಾರು ಮನೆಗಳ ಜಮೀನು ಇರುವುದರಿಂದ ಊರಿನವರೆಲ್ಲರೂ ಕೂಡಿ ಒಡ್ಡು ಕಟ್ಟಬೇಕು, ಕೂಡಿಯೇ ಕಾಯಬೇಕು. ಒಂದು ಕಡೆ ಒಡ್ಡು ಒಡೆದರೆ ಎಲ್ಲರ ಬೆಳೆಯೂ ಹೋಯಿತು.

ಈ ಭೂಮಿಗೆ ಒಗ್ಗಿದ ಭತ್ತವೇ ಕಗ್ಗ. ಉಪ್ಪನ್ನು ತಾಳಿಕೊಳ್ಳುವ ಭಾರತದ ಅಪರೂಪದ ನಾಟಿ ತಳಿಗಳ ಪೈಕಿ ಇದೂ ಒಂದು. ಕೇರಳದ ಪೊಕ್ಕಾಳಿಯ ಹೆಸರು ಕೇಳಿದವರು ಇದನ್ನು ಅದರ ಸೋದರಬಂಧುವೆಂದು ಭಾವಿಸಬಹುದು. ಜೂನ್ ತಿಂಗಳ ಮಳೆ ಗಜನಿಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ತಂದ ಗೋಡು ಮಣ್ಣೇ ಗೊಬ್ಬರ. ಪೈರು ಎತ್ತರವಾಗಿ ಬೆಳೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ಅಕ್ಟೋಬರ್ ಸುಮಾರಿಗೆ ಕೊಯ್ಲು. ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು, ಹುಲ್ಲನ್ನು ಹಾಗೆಯೇ ಬಿಡುತ್ತಾರೆ. ಕೊಳೆತ ಹುಲ್ಲು ಮೀನು, ಶೆಟ್ಲಿಗಳಿಗೆ ಆಹಾರವಾಗುತ್ತದೆ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರನ್ನು ಒಳಬಿಟ್ಟರೆ ಅದೇ ಗದ್ದೆ ಮುಂದಿನ ಮಳೆಯವರೆಗೆ ಮೀನಿನ ಕೆರೆ. ಒಂದು ಭೂಮಿ, ವರ್ಷಕ್ಕೆ ಎರಡು ಫಸಲು, ಹೊರಗಿನಿಂದ ತಂದು ಸುರಿಯುವುದು ಏನೂ ಇಲ್ಲ.

ಕಗ್ಗದ ಅಕ್ಕಿ ಕೆಂಪು, ದಪ್ಪ. ಕುಚ್ಚಲಕ್ಕಿಯ ಗಂಜಿಗೆ ಅದಕ್ಕಿಂತ ಮಿಗಿಲಾದುದಿಲ್ಲ ಎಂದು ಹಳಬರು ಹೇಳುತ್ತಾರೆ. ಆದರೆ ಮಾರುಕಟ್ಟೆಗೆ ಬೇಕಾದುದು ಬಿಳಿ ಅಕ್ಕಿ.

ಗಜನಿಯ ವ್ಯವಸ್ಥೆ ಕುಸಿದ ಬಗೆಯನ್ನು ಇಲ್ಲಿ ಹೇಳಲೇಬೇಕು. 1970ರ ದಶಕದಲ್ಲಿ ಮಣ್ಣಿನ ಒಡ್ಡುಗಳ ಬದಲು ಸರಕಾರದ ಖಾರಲ್ಯಾಂಡ್ ಯೋಜನೆಯಡಿ ಗಟ್ಟಿಯಾದ ಒಡ್ಡುಗಳು ಬಂದವು. ಉದ್ದೇಶ ಒಳ್ಳೆಯದೇ. ವರ್ಷ ವರ್ಷ ಒಡ್ಡು ಕಟ್ಟುವ ಶ್ರಮ ತಪ್ಪಿತು. ಅದರೊಂದಿಗೆ ಊರು ಕೂಡುವ ಪದ್ಧತಿಯೂ ಸಡಿಲವಾಯಿತು. ಬಳಿಕ ರಫ್ತಿನ ಸಿಗಡಿಗೆ ಬೆಲೆ ಬಂದು ಅನೇಕ ಗಜನಿಗಳನ್ನು ಸಿಗಡಿ ಕೃಷಿಗೆ ಗೇಣಿ ಕೊಡಲಾಯಿತು. ಮಳೆಗಾಲದಲ್ಲೂ ಉಪ್ಪುನೀರು ನಿಂತಿತು, ಭತ್ತ ಬಿತ್ತಲಾಗಲಿಲ್ಲ. 1990ರ ದಶಕದಲ್ಲಿ ಸಿಗಡಿಗೆ ರೋಗ ತಗಲಿದಾಗ ಅದೂ ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಕಗ್ಗದ ಬೀಜವೇ ಉಳಿದಿರಲಿಲ್ಲ. ಬೀಜವೊಂದು ಮನೆಯಿಂದ ಹೋದರೆ ಅದರ ಜೊತೆಗೆ ಬಿತ್ತುವ ತಿಥಿ, ನೀರು ಬಿಡುವ ಲೆಕ್ಕ, ಕೊಯ್ಯುವ ಕೈಚಳಕ ಎಲ್ಲವೂ ಹೋಗುತ್ತವೆ. ಮಾಣಿಕಟ್ಟಾದ ರೈತರು ಸಂಘಟಿತರಾಗಿ ಕಗ್ಗವನ್ನು ಉಳಿಸಿಕೊಂಡು, ಬೀಜವನ್ನು ಇತರರಿಗೂ ಹಂಚುತ್ತಾ ಬಂದಿರುವುದು ಈ ದೃಷ್ಟಿಯಿಂದ ದೊಡ್ಡ ಕೆಲಸ. ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ತಳಿಗಾಗಿ ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆಯುತ್ತಿರುವಾಗ, ಇದ್ದ ತಳಿಯನ್ನು ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಚಿಪ್ಪಿನ ಸಂಪತ್ತು

ಇಳಿತದ ವೇಳೆಯಲ್ಲಿ ಅಳಿವೆಗೆ ಇಳಿದರೆ ನಡುಮಟ್ಟದ ನೀರಿನಲ್ಲಿ ಬಗ್ಗಿ ಕೆಸರು ಕೆದಕುವ ನೂರಾರು ಜನರನ್ನು ಕಾಣಬಹುದು. ಅವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಅವರು ಹುಡುಕುವುದು ಬಳಚು, ಕಲಗ, ನೀಲಿಕಲ್ಲು ಮೊದಲಾದ ಚಿಪ್ಪುಜೀವಿಗಳನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನದಂತೆ ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಈ ಚಿಪ್ಪು ಸಂಗ್ರಹದಲ್ಲಿ ತೊಡಗಿದ್ದರು. ಇದಕ್ಕೆ ಬಂಡವಾಳ ಬೇಡ, ದೋಣಿಯೂ ಅನಿವಾರ್ಯವಲ್ಲ. ಒಂದು ಬುಟ್ಟಿ, ಕೈಕಾಲಿನ ಶಕ್ತಿ ಇದ್ದರಾಯಿತು. ಬಡವರ ಪಾಲಿಗೆ ಅಳಿವೆಯೇ ಬ್ಯಾಂಕು ಎಂದರೆ ತಪ್ಪಾಗದು.

ಸಮಸ್ಯೆಯೂ ಇಲ್ಲಿಯೇ ಇದೆ. ತಳದಲ್ಲಿ ಶತಮಾನಗಳಿಂದ ಸಂಚಯಗೊಂಡ ಸತ್ತ ಚಿಪ್ಪುಗಳನ್ನು ಸುಣ್ಣ ಮತ್ತಿತರ ಉಪಯೋಗಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ಎತ್ತುವುದರಿಂದ ಜೀವಂತ ಚಿಪ್ಪುಗಳ ನೆಲೆ ಕಲಕುತ್ತದೆ. ಎಳೆಯ ಬಳಚನ್ನೂ ಬಿಡದೆ ಆರಿಸುವುದು ಇನ್ನೊಂದು ಹಾನಿ.

ಕಾಂಡ್ಲಾ ಕಾಡಿನ ಬೇರುಗಳ ನಡುವೆ ಮೀನು, ಏಡಿ, ಶೆಟ್ಲಿಗಳ ಮರಿಗಳು ಬೆಳೆಯುತ್ತವೆ. ಅರಣ್ಯ ಇಲಾಖೆ ಹಲವು ವರ್ಷಗಳಿಂದ ಇಲ್ಲಿ ಕಾಂಡ್ಲಾ ನೆಡುತ್ತಾ ಬಂದಿದ್ದು, ಒಡ್ಡುಗಳ ಅಂಚಿನಲ್ಲಿ ಅವು ಅಲೆಯ ಹೊಡೆತವನ್ನೂ ತಡೆಯುತ್ತಿವೆ. ಆದರೆ ಚಿಪ್ಪು ಹೆಕ್ಕುವ ತೆರೆದ ಬಯಲಿನಲ್ಲೆಲ್ಲ ಕಾಂಡ್ಲಾ ನೆಟ್ಟರೆ ಚಿಪ್ಪಿಗೂ ಹಕ್ಕಿಗೂ ಜಾಗವಿರುವುದಿಲ್ಲ. ಹಸಿರು ಎಂದ ಮಾತ್ರಕ್ಕೆ ಎಲ್ಲೆಡೆಯೂ ಹಿತವಲ್ಲ.

ಸಾಣಿಕಟ್ಟಾದ ಉಪ್ಪು

ಅಳಿವೆಯ ಉತ್ತರ ದಡದಲ್ಲಿ, ಗೋಕರ್ಣದ ಸಮೀಪ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಕಾಲುವೆಗಳ ಮೂಲಕ ಭರತದ ನೀರನ್ನು ದೊಡ್ಡ ಮಡುಗಳಿಗೆ ತುಂಬಿ, ಬಿಸಿಲಿಗೆ ಇಂಗಿಸಿ, ಗಾಢವಾದ ನೀರನ್ನು ಕೊನೆಗೆ ಚಿಕ್ಕ ಪಾತಿಗಳಿಗೆ ಬಿಡುತ್ತಾರೆ. ಜನವರಿಯಿಂದ ಮೇ ತಿಂಗಳವರೆಗೆ ಕೆಲಸ. ಮೊದಲ ಮಳೆಯ ಹನಿ ಬಿದ್ದರೆ ಆ ವರ್ಷದ ಲೆಕ್ಕ ಮುಗಿಯಿತು. ಆಗರದ ಮಾಲೀಕರ ಸಹಕಾರಿ ಸಂಘವೇ ಇಲ್ಲಿನ ಉತ್ಪಾದನೆಯನ್ನು ನಡೆಸುತ್ತಿದೆ. ಮಣ್ಣಿನ ಛಾಯೆಯ ಈ ದಪ್ಪ ಉಪ್ಪು ಅಂಗಡಿಯ ಪುಡಿ ಉಪ್ಪಿನಂತೆ ಬೆಳ್ಳಗಿಲ್ಲ. ಅಪ್ಪೆಮಿಡಿಯ ಉಪ್ಪಿನಕಾಯಿಗೆ ಮಾತ್ರ ಇದೇ ಆಗಬೇಕು ಎನ್ನುವ ಮನೆಗಳು ಘಟ್ಟದ ಮೇಲೂ ಕೆಳಗೂ ಇವೆ.

ಉಪ್ಪಿನ ಮಾತು ಬಂದಾಗ ನೆರೆಯ ಅಂಕೋಲೆಯನ್ನು ನೆನೆಯದಿರಲಾಗದು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಅಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅಂಕೋಲಾ ತಾಲ್ಲೂಕಿನ ಕರನಿರಾಕರಣೆ, ಜಮೀನು ಕಳೆದುಕೊಂಡ ರೈತರ ತ್ಯಾಗ ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಉಜ್ವಲ ಅಧ್ಯಾಯ.

ಮಿರ್ಜಾನ ಕೋಟೆ

ಅಳಿವೆಯ ಮೇಲ್ತುದಿಯಲ್ಲಿ, ಕುಮಟೆಯಿಂದ ಸುಮಾರು 11 ಕಿ.ಮೀ. ದೂರದಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಮಿರ್ಜಾನ ಕೋಟೆ ಇದೆ. ಮಳೆಗಾಲದಲ್ಲಿ ಅದರ ಗೋಡೆಗಳೆಲ್ಲ ಪಾಚಿಯಿಂದ ಹಸಿರಾಗುತ್ತವೆ. ನೋಡಬೇಕಾದ ಕಾಲ ಅದೇ. ಕಂದಕ, ಬುರುಜು, ಬಾವಿಗಳು ಇಂದಿಗೂ ಸುಸ್ಥಿತಿಯಲ್ಲಿವೆ.

ಈ ಕೋಟೆಯ ಹೆಸರಿನೊಂದಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಬೆಸೆದುಕೊಂಡಿದೆ. 1552ರಿಂದ 1606ರವರೆಗೆ ಆಳಿದ ಆಕೆಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಇಲ್ಲಿನ ಹೊಳೆಗಳಲ್ಲಿ ಇಳಿದು ಹಡಗು ಏರುತ್ತಿತ್ತು. ಈಗ ಕಾಣುವ ಕಟ್ಟಡವನ್ನು 17ನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಅಧಿಕಾರಿ ಷರೀಫ್ ಉಲ್ ಮುಲ್ಕ್ ಕಟ್ಟಿಸಿದನೆಂಬ ಅಭಿಪ್ರಾಯವೂ ಇದೆ. ಒಂದೇ ಕೋಟೆಯನ್ನು ಹಲವರು ಕಟ್ಟಿ ಬೆಳೆಸುವುದು ಕರಾವಳಿಯಲ್ಲಿ ಹೊಸತಲ್ಲವಾದ್ದರಿಂದ ಈ ಎರಡೂ ಮಾತುಗಳು ಪರಸ್ಪರ ವಿರುದ್ಧವೆಂದು ನಮಗೆ ತೋರುವುದಿಲ್ಲ. 2000–01ರ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳು, ಕಬ್ಬಿಣದ ಗುಂಡುಗಳು ದೊರೆತವು. ಗ್ರೀಕ್ ಗ್ರಂಥಗಳಲ್ಲಿ ಬರುವ ಮುಝಿರಿಸ್ ಬಂದರು ಮಿರ್ಜಾನವೇ ಎಂದು ಒಂದು ಕಾಲದಲ್ಲಿ ಕೆಲವು ವಿದ್ವಾಂಸರು ವಾದಿಸಿದ್ದುಂಟು. ಈಗ ಆ ಸ್ಥಾನವನ್ನು ಕೇರಳದ ಕರಾವಳಿಯಲ್ಲಿ ಗುರುತಿಸಲಾಗುತ್ತದೆ.

ಮುಂಬಯಿಯ ನಂಟು

1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪನಿ ಸರಕಾರದ ವಶವಾದ ಈ ಪ್ರದೇಶ ಮೊದಲು ಮದರಾಸು ಪ್ರಾಂತ್ಯದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಹತ್ತಿಯ ಹಿಂದೆಯೇ ಜನರೂ ಹೋದರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿದ ಮೇಲೂ ಆ ದಾರಿ ಮುಚ್ಚಲಿಲ್ಲ. ಅಂಕೋಲೆಯ ದಿನಕರ ದೇಸಾಯಿ ಮುಂಬಯಿಯಲ್ಲಿದ್ದುಕೊಂಡೇ ಜಿಲ್ಲೆಯಲ್ಲಿ ಶಾಲೆಗಳ ಸಾಲನ್ನು ಕಟ್ಟಿದರು. ಅಳಿವೆಗೆ ಸಮೀಪದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು 2014ರಲ್ಲಿ ತೀರಿಕೊಳ್ಳುವವರೆಗೂ ಮುಂಬಯಿಯವರಾಗಿದ್ದರು. ಅವರ ಕಥೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ. ಗೋಕರ್ಣದ ಜಯಂತ ಕಾಯ್ಕಿಣಿಯವರಿಗೂ ಮುಂಬಯಿ ಕಥೆಗಳ ಕಣಜವಾಯಿತು. ಇಷ್ಟು ಚಿಕ್ಕ ಸೀಮೆಯಿಂದ ಕನ್ನಡ ಸಾಹಿತ್ಯಕ್ಕೆ ಬಂದ ಫಸಲು ಸಣ್ಣದಲ್ಲ.

ಹಾಲಕ್ಕಿ ಒಕ್ಕಲಿಗರ ಸುಗ್ಗಿಕುಣಿತ, ಹಾಡುಗಳ ಪರಂಪರೆ, ಊರೂರಿನ ಬಂಡಿಹಬ್ಬ, ಯಕ್ಷಗಾನ ಇವೆಲ್ಲ ಪ್ರತ್ಯೇಕ ಲೇಖನವನ್ನೇ ಬಯಸುವ ವಿಷಯಗಳು. 2025ರ ಫೆಬ್ರವರಿಯಲ್ಲಿ ಅಗಲಿದ ಅಂಕೋಲಾ ತಾಲ್ಲೂಕಿನ ಪದ್ಮಶ್ರೀ ಸುಕ್ರಿ ಬೊಮ್ಮಗೌಡರೊಂದಿಗೆ ಹಾಲಕ್ಕಿ ಹಾಡುಗಳ ದೊಡ್ಡ ಭಂಡಾರವೊಂದು ಮುಚ್ಚಿತು ಎಂಬುದನ್ನಷ್ಟೇ ಇಲ್ಲಿ ಸ್ಮರಿಸುತ್ತೇವೆ.

ಯೋಜನೆಗಳ ನೆರಳು

ಶಾಂತವಾಗಿ ಕಾಣುವ ಈ ನೀರಿನ ಮೇಲೆ ದೊಡ್ಡ ಯೋಜನೆಗಳ ಕಣ್ಣು ಹಿಂದಿನಿಂದಲೂ ಇದೆ. ತದಡಿಯಲ್ಲಿ 4,000 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಸ್ಥಾಪಿಸುವ ಪ್ರಸ್ತಾವ 2000ರ ದಶಕದಲ್ಲಿ ಬಂದಾಗ ಮೀನುಗಾರರು, ರೈತರು, ಪರಿಸರಾಸಕ್ತರು ಒಂದಾಗಿ ವಿರೋಧಿಸಿದರು. ಆ ಯೋಜನೆ ಕೈಬಿಟ್ಟಿತು. ಬಳಿಕ ಬೃಹತ್ ಬಂದರಿನ ಮಾತು ಎದ್ದಿತು. ಇತ್ತೀಚಿನ ವರ್ಷಗಳಲ್ಲಿ ಅಘನಾಶಿನಿಯ ನೀರನ್ನು ಘಟ್ಟದ ಮೇಲೆಯೇ ತಿರುಗಿಸಿ ವೇದಾವತಿಗೆ ಜೋಡಿಸುವ ಪ್ರಸ್ತಾವಕ್ಕೆ ಜಿಲ್ಲೆಯಲ್ಲಿ ತೀವ್ರ ವಿರೋಧ ವ್ಯಕ್ತವಾಗಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಸಮುದ್ರಕ್ಕೆ ಹೋಗುವ ನೀರು ವ್ಯರ್ಥವೆಂಬ ಮಾತನ್ನು ಈ ಅಳಿವೆಯ ಮುಂದೆ ನಿಂತು ಹೇಳುವುದು ಕಷ್ಟ. ಗಜನಿಯ ಉಪ್ಪನ್ನು ತೊಳೆಯುವುದು, ಬಳಚಿಗೆ ಬೇಕಾದ ಮಿಶ್ರನೀರನ್ನು ಒದಗಿಸುವುದು ಆ 'ವ್ಯರ್ಥ' ನೀರೇ.

2024ರ ಜನವರಿಯಲ್ಲಿ 4,801 ಹೆಕ್ಟೇರು ವಿಸ್ತೀರ್ಣದ ಅಘನಾಶಿನಿ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮಾನ್ಯತೆ ಪಡೆಯಿತು. ಅಂಕಸಮುದ್ರ, ಮಾಗಡಿ ಕೆರೆಗಳೂ ಆಗಲೇ ಪಟ್ಟಿ ಸೇರಿದವು. ಫಲಕ ನೆಟ್ಟ ಮಾತ್ರಕ್ಕೆ ಗಜನಿಯ ಒಡ್ಡು ದುರಸ್ತಿಯಾಗುವುದಿಲ್ಲ, ನಿಜ. ಆದರೂ ಹೋರಾಡುವವರ ಕೈಗೆ ಇದೊಂದು ಆಧಾರ.

ತಲುಪುವ ದಾರಿ

1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಮುಂಬಯಿಯವರಿಗೆ ಪ್ರಯಾಣ ಸುಲಭವಾಗಿದೆ. ಕುಮಟಾ, ಮಿರ್ಜಾನ, ಗೋಕರ್ಣ ರೋಡ್ ಹತ್ತಿರದ ನಿಲ್ದಾಣಗಳು. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕುಮಟೆಯಲ್ಲಿ ನಿಲ್ಲುತ್ತದೆ. ಹೈದರಾಬಾದಿನ ಕಡೆಯಿಂದ ಬರುವವರು ಹುಬ್ಬಳ್ಳಿ, ಸಿರಸಿಗಳ ಮೂಲಕ ಘಟ್ಟ ಇಳಿಯಬಹುದು. ಉಂಚಳ್ಳಿ, ಯಾಣಗಳೂ ಆ ದಾರಿಗೆ ದೂರವಲ್ಲ. ಅಕ್ಟೋಬರ್ ತಿಂಗಳು ಕಗ್ಗದ ಕೊಯ್ಲಿಗೆ, ಚಳಿಗಾಲ ಹಕ್ಕಿಗಳಿಗೆ, ಮಾರ್ಚ್ ಏಪ್ರಿಲ್ ತಿಂಗಳುಗಳು ಉಪ್ಪಿನ ಆಗರಕ್ಕೆ ಸೂಕ್ತ. ಅಳಿವೆಯನ್ನು ದೋಣಿಯಲ್ಲಿ ದಾಟಬಯಸುವವರು ಹೊರಡುವ ಮುನ್ನ ಭರತ ಇಳಿತಗಳ ವೇಳೆಯನ್ನು ಊರಿನವರಲ್ಲಿ ವಿಚಾರಿಸಿಕೊಳ್ಳಬೇಕು.