ಚೀಟಿಯ ಮೇಲಿನ ಸಂಖ್ಯೆ

2016ರ ಬೇಸಿಗೆ. ಸುರಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದ ನನ್ನ ಅಣ್ಣನವರಿಗೆ ಹಲವು ದಿನಗಳಿಂದ ನಿದ್ರೆ ಹತ್ತುತ್ತಿರಲಿಲ್ಲ. ಊರಲ್ಲಿ ಸೂಜಿಮದ್ದು ಕೊಡುತ್ತಿದ್ದ, ಎಲ್ಲರೂ ‘ಡಾಕ್ಟರ್’ ಎಂದೇ ಕರೆಯುತ್ತಿದ್ದ ಒಬ್ಬರು ಆಲ್‌ಪ್ರಜೋಲಾಮ್ ಗುಳಿಗೆ ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದು ಶಹಾಪುರದ ಔಷಧಿ ಅಂಗಡಿಯೊಂದಕ್ಕೆ ಹೋದೆ. ಅಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ನಮಸ್ಕರಿಸಿ, ಕುರ್ಚಿ ಹಾಕಿ, ಚೀಟಿ ಓದಿ ಮರಳಿ ಕೊಟ್ಟ.

“ಸರ್, ಇದರ ಮ್ಯಾಲೆ ಡಾಕ್ಟರ್ ನೋಂದಣಿ ನಂಬರ್ ಇಲ್ರಿ. ಈ ಗುಳಿಗಿ ಕೊಡ್ಲಿಕ್ಕ ಬರಂಗಿಲ್ಲ.”

ಅಕ್ಷರ ಕಲಿಸಿದವನ ಮಾತಿಗೂ ಬೆಲೆಯಿಲ್ಲವೇ ಎಂದು ಸಿಟ್ಟಿನಿಂದ ಹೊರಬಂದೆ. ಇತಿಹಾಸದ ಮಾಸ್ತರನಾದ ನಾನು ಆ ಸಂಖ್ಯೆಯ ಇತಿಹಾಸವನ್ನು ಓದಿದ್ದು ಆಮೇಲೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದೇಶದ ಅನೇಕ ಕಡೆ ಅಳುವ ಕೂಸಿಗೂ ಕೆಮ್ಮುವ ಮುದುಕರಿಗೂ ಅಫೀಮು ಕೊಡುವುದು ಮನೆಮದ್ದಾಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1930ರಲ್ಲಿ ಅಪಾಯಕಾರಿ ಮಾದಕವಸ್ತುಗಳ ಕಾಯ್ದೆ ಬಂತು. ಅದೇ ವರ್ಷ ನೇಮಕವಾದ ಆರ್. ಎನ್. ಚೋಪ್ರಾ ಸಮಿತಿಯು ಪೇಟೆಯ ಕಲಬೆರಕೆ ಔಷಧಗಳನ್ನು ಕಂಡು, ಔಷಧ ಮಾರುವವರಿಗೂ ತರಬೇತಿ ಮತ್ತು ನೋಂದಣಿ ಬೇಕೆಂದಿತು. ಇದರ ಫಲವಾಗಿ 1940ರ ಔಷಧ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ ಒಂದರ ಹಿಂದೊಂದು ಬಂದವು. ಆಗ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಬೇರೆ ಬೇರೆ ಆಡಳಿತಗಳಿಂದ ಬಂದ ಸೀಮೆಗಳೆಲ್ಲ ಒಂದಾದ ಈ ರಾಜ್ಯಕ್ಕೆ 1961ರಲ್ಲಿ ವೈದ್ಯರ ನೋಂದಣಿಗಾಗಿ ಒಂದೇ ಕಾಯ್ದೆ ಆಯಿತು. ಇಂದು ಆ ಪಟ್ಟಿಯನ್ನು ಇಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು.

1985ರಲ್ಲಿ ಮಾದಕದ್ರವ್ಯ ಮತ್ತು ಮನೋವರ್ತಕ ವಸ್ತುಗಳ ಕಾಯ್ದೆ ಜಾರಿಯಾಯಿತು. ಆಲ್‌ಪ್ರಜೋಲಾಮ್ ಅದರ ಪಟ್ಟಿಯಲ್ಲಿದೆ. ವೈದ್ಯರು ತಮ್ಮ ಚೀಟಿಗಳಲ್ಲಿ ನೋಂದಣಿ ಸಂಖ್ಯೆ ಬರೆಯಲೇಬೇಕೆಂದು 2002ರ ವೃತ್ತಿನೀತಿ ನಿಯಮ ಹೇಳಿತು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಎಚ್1’ ಅನುಸೂಚಿಯ ಪ್ರಕಾರ ಇಂಥ ಔಷಧ ಕೊಟ್ಟಾಗ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾದಿಡಬೇಕು. ಇನ್ನೂ ಬಿಗಿಯಾದ ‘ಎಕ್ಸ್’ ಅನುಸೂಚಿಯ ಔಷಧಕ್ಕೆ ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಸಂಖ್ಯೆಯನ್ನು ಮಾತ್ರ ಪರಿಷತ್ತಿನ ಪಟ್ಟಿಯೊಡನೆ ಹೋಲಿಸಿ ನೋಡಬಹುದು. 2024ರ ಆಗಸ್ಟ್‌ನಲ್ಲಿ ಇಡೀ ದೇಶದ ವೈದ್ಯರಿಗಾಗಿ ರಾಷ್ಟ್ರೀಯ ವೈದ್ಯಕೀಯ ನೋಂದಣಿ ಜಾಲತಾಣವೂ ಆರಂಭವಾಯಿತು.

ಮತ್ತೆ ನನ್ನ ಕಥೆಗೆ ಬರುತ್ತೇನೆ. ಬೇರೆ ದಾರಿ ಕಾಣದೆ ಮರುದಿನ ಅಣ್ಣನವರನ್ನು ಯಾದಗಿರಿಗೆ ಕರೆದೊಯ್ದೆ. ಅಲ್ಲಿನ ವೈದ್ಯರು ಎದೆಯ ಮೇಲೆ ನಳಿಗೆಯಿಟ್ಟು ಬಹಳ ಹೊತ್ತು ಆಲಿಸಿದರು. ಬೀಡಿಯ ಹೊಗೆಯಿಂದ ಶ್ವಾಸಕೋಶ ಕೆಟ್ಟಿತ್ತು. ರಾತ್ರಿ ಉಸಿರು ಕಟ್ಟುತ್ತಿದ್ದುದರಿಂದಲೇ ಅವರಿಗೆ ಎಚ್ಚರವಾಗುತ್ತಿತ್ತು. “ಇಂಥವರಿಗೆ ಆ ಗುಳಿಗೆ ಉಸಿರನ್ನು ಇನ್ನಷ್ಟು ಕುಗ್ಗಿಸಬಹುದಿತ್ತು” ಎಂದರು. ನನ್ನ ಕೈಕಾಲು ತಣ್ಣಗಾದವು.

ಮರಳುವಾಗ ಶಹಾಪುರದಲ್ಲಿ ಇಳಿದು ಆ ಅಂಗಡಿಗೆ ಹೋದೆ. ನಾನು ತಪ್ಪಾಯಿತೆನ್ನುವ ಮೊದಲೇ ಅವನು ನಕ್ಕು ಹೇಳಿದ: “ರಜಾ ಚೀಟಿ ಮ್ಯಾಲೆ ಸಹಿ ಅಪ್ಪಂದೇ ಹೌದೋ ಅಲ್ಲೋ ಅಂತ ನೀವೇ ನೋಡ್ತಿದ್ರಲ್ಲರಿ, ಸರ್.”

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಔಷಧಿ ಅಂಗಡಿಯಲ್ಲಿ ನಿಮ್ಮ ಚೀಟಿಯನ್ನು ತಿರುಗಿಸಿ ನೋಡಿ ಪ್ರಶ್ನೆ ಕೇಳಿದರೆ ಮುನಿಯಬೇಡಿ. ಅಣ್ಣನವರು ಆಮೇಲೆ ಆರು ವರ್ಷ ನಮ್ಮೊಡನಿದ್ದರು.