ಘಟಿಕೆ ಎಂದರೆ ಮಹಾಜನ

ಬಾದಾಮಿಯ ಅರಸ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ಅಲ್ಲಿನ ರಾಜಸಿಂಹೇಶ್ವರ ಗುಡಿಯ, ಅಂದರೆ ಇಂದಿನ ಕೈಲಾಸನಾಥ ದೇವಾಲಯದ, ಸಂಪತ್ತನ್ನು ಕಣ್ಣಾರೆ ಕಂಡು ದೇವರಿಗೇ ಮರಳಿ ಒಪ್ಪಿಸಿದ. ಎಂಟನೆಯ ಶತಮಾನದ ಈ ಸಂಗತಿಯನ್ನು ಅದೇ ಗುಡಿಯ ಕಂಬವೊಂದರಲ್ಲಿ ಕನ್ನಡದಲ್ಲಿ ಕೆತ್ತಿಸಿದ್ದಾನೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಶಾಸನದ ಕೊನೆಯ ಶಾಪ. ನಮ್ಮ ಶಾಸನಗಳಲ್ಲಿ ಧರ್ಮ ಕೆಡಿಸಿದವನಿಗೆ ಸಾಮಾನ್ಯವಾಗಿ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ತಟ್ಟುತ್ತದೆ. ಇಲ್ಲಿ ಹಾಗಲ್ಲ. ಈ ಅಕ್ಷರ ಅಳಿಸಿದವನು ಈ ಊರಿನ ಘಟಿಕೆಯ ಮಹಾಜನರನ್ನು ಕೊಂದವರ ಲೋಕಕ್ಕೆ ಹೋಗುತ್ತಾನೆ. ಗೆದ್ದ ದೊರೆಯೊಬ್ಬ ಸೋತ ಊರಿನ ವಿದ್ವಾಂಸರ ಮೇಲೆ ಆಣೆ ಇಟ್ಟಿದ್ದಾನೆ!

ಏನಿದು ಘಟಿಕೆ? ಸಂಸ್ಕೃತದ ‘ಘಟ್’ ಧಾತುವಿಗೆ ಶ್ರಮಿಸು, ಕೂಡಿಸು ಎಂಬ ಅರ್ಥಗಳಿವೆ. ‘ಘಟ’ ಎಂದರೆ ಕೊಡ. ವಿದ್ಯಾಸ್ಥಾನಕ್ಕೆ ಈ ಹೆಸರು ಯಾಕೆ ಬಂತೆಂಬುದಕ್ಕೆ ಕೆಲವರು ಕೊಡದೊಳಗಿನ ಚೀಟಿ ಎತ್ತಿಸಿ ಪರೀಕ್ಷೆ ಮಾಡುತ್ತಿದ್ದರೆಂದು ಕಾರಣ ಕೊಡುತ್ತಾರೆ. ನನಗೆ ಅದಕ್ಕಿಂತ ‘ಕೂಡುವಿಕೆ’ಯೇ ಸಮಂಜಸ. ಕಂಚಿಯ ಶಾಸನ ಘಟಿಕೆಯನ್ನು ಕಟ್ಟಡವಾಗಿ ನೋಡುವುದಿಲ್ಲ. ಅದರ ಕಣ್ಣಿರುವುದು ಅಲ್ಲಿ ಕೂಡಿದ ಜನರ ಮೇಲೆ. ಅದಕ್ಕೂ ಸುಮಾರು ನಾಲ್ಕು ನೂರು ವರ್ಷ ಮೊದಲು ಕದಂಬ ಮಯೂರಶರ್ಮ ಓದಲೆಂದು ಹೊಕ್ಕದ್ದೂ ಕಂಚಿಯ ಘಟಿಕೆಯನ್ನೇ ಎಂದು ತಾಳಗುಂದದ ಕಂಬ ಹೇಳುತ್ತದೆ.

ಕನ್ನಡಕ್ಕೆ ಬಂದ ಈ ಪದ ಒಂದೇ ಮನೆಯಲ್ಲಿ ನಿಲ್ಲಲಿಲ್ಲ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಒಂದು ಘಟಿಕೆ ಎಂದರು. ಅದೇ ನಮ್ಮ ಗಳಿಗೆ, 24 ನಿಮಿಷ. ದಿನಕ್ಕೆ ಅರವತ್ತು. ಬಾಗಲಕೋಟೆ, ಹುನಗುಂದದ ಕಡೆ ಮದುವೆಗೆ ‘ಚಲೋ ಗಳಿಗಿ’ ನೋಡುವವರೂ, ಮಜ್ಜಿಗೆಯ ‘ಗಡಿಗಿ’ ತೊಳೆದಿಡುವವರೂ ಇದೇ ಪದದ ವಂಶವನ್ನು ಬಾಯಲ್ಲಿ ಉಳಿಸಿದ್ದಾರೆ.

ವಿದ್ಯೆಯ ಅರ್ಥವೂ ಬೆಳೆಯಿತು. ಚಿತ್ತಾಪುರದ ಪಕ್ಕದ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ ಪೂರ್ತಿ ಲೆಕ್ಕವಿದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತಕ್ಕೂ ಮಿಕ್ಕವರು, ವೇದಕ್ಕೂ ಶಾಸ್ತ್ರಕ್ಕೂ ಬೇರೆಬೇರೆ ಗುರುಗಳು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಪುಸ್ತಕ ಕಾಯುವವರನ್ನೂ ಗುರುಗಳ ಸಾಲಿನಲ್ಲಿಟ್ಟು ಲೆಕ್ಕ ಹಿಡಿದ ಆ ದೊಡ್ಡತನಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಗುಡಿ ಕಟ್ಟಿದ ಕಲ್ಲುಕುಟಿಗನ, ಸೀರೆ ನೇಯ್ದ ನೇಕಾರನ ವಿದ್ಯೆಗೆ ಅಲ್ಲಿ ಪೀಠ ಇರಲಿಲ್ಲ.

ಮುಂದೆ ಘಟಿಕಾಸ್ಥಾನಗಳು ಅಳಿದವು, ಪದ ಶಾಸನಗಳಲ್ಲಿ ಉಳಿಯಿತು. ಹೊಸ ಕಾಲದ ವಿಶ್ವವಿದ್ಯಾಲಯಗಳು ಬಂದ ಮೇಲೆ ಪದವಿ ಕೊಡುವ ದಿನಕ್ಕೆ ‘ಘಟಿಕೋತ್ಸವ’ ಎಂಬ ಹೆಸರಿಟ್ಟು ಅದನ್ನು ಮತ್ತೆ ಎಬ್ಬಿಸಿದರು. ಹೆಸರು ಚಂದ. ಆದರೆ ಈಗ ಉತ್ಸವ ಮಾತ್ರ ಕಾಣುತ್ತದೆ. ಇತಿಹಾಸದವರು ಒಂದು ಕಟ್ಟಡ, ಕನ್ನಡದವರು ಇನ್ನೊಂದು, ಅರ್ಥಶಾಸ್ತ್ರದವರು ಮತ್ತೊಂದು. ಇವರೆಲ್ಲ ವರ್ಷಕ್ಕೊಮ್ಮೆ ಗೌನು ತೊಟ್ಟು ಒಂದೇ ಪೆಂಡಾಲಿನಡಿ ಕೂರುತ್ತಾರೆ.

ಕೂಡಿ ಓದುವ ದಾರಿ ಹೊಸದೇನಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ 1930ರ ದಶಕದಲ್ಲೇ ಚರಿತ್ರೆ, ಸಾಹಿತ್ಯಗಳನ್ನು ಬೆಸೆದು ತಮ್ಮ ನಾಡಿನ ನಾಗರಿಕತೆಯನ್ನು ಓದುವ ಪಿಎಚ್‌.ಡಿ. ಕ್ರಮ ಶುರುವಾಯಿತು. ಅದರಲ್ಲಿ 1940ರಲ್ಲಿ ಮೊದಲ ಪದವಿ ಪಡೆದ ಹೆನ್ರಿ ನ್ಯಾಶ್ ಸ್ಮಿತ್ ಅಗ್ಗದ ಕಾದಂಬರಿಗಳನ್ನೂ ಭೂಮಿಯ ಕಾನೂನುಗಳನ್ನೂ ಒಟ್ಟಿಗೆ ಇಟ್ಟು ಓದಿ ‘ವರ್ಜಿನ್ ಲ್ಯಾಂಡ್’ ಬರೆದರು. ಅದೇ ಹೊತ್ತಿಗೆ, 1939ರಲ್ಲಿ, ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿ ಶಾಸನ, ಇತಿಹಾಸ, ಪುರಾತತ್ವಗಳನ್ನು ಒಂದೇ ಸೂರಿನಡಿ ತಂದಿತು.

ನಮ್ಮ ಸೀಮೆಯೇ ಇಂಥ ಓದನ್ನು ಬೇಡುತ್ತದೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನ ಅರಸನ ಚರಿತ್ರೆಯೂ ಹೌದು, ಕಾಳಿದಾಸ–ಭಾರವಿಯರನ್ನು ನೆನೆಯುವ ಕಾವ್ಯವೂ ಹೌದು, ಜೈನ ಧರ್ಮದ ದಾಖಲೆಯೂ ಹೌದು. ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಹಾಸಿಗೂ ರೇಷ್ಮೆ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕುವ ಕೈಚಳಕವನ್ನು ಅರಿಯಲು ಜವಳಿ ತಂತ್ರ ತಿಳಿದಿರಬೇಕು, ವ್ಯಾಪಾರದ ಚರಿತ್ರೆಯೂ ಗೊತ್ತಿರಬೇಕು. ಅಂಚಿಗೆ ಗೋಮಿ, ಚಿಕ್ಕಿಪರಾಸ ಎನ್ನುವ ನೇಕಾರರ ನುಡಿಯಂತೂ ಬೇಕೇಬೇಕು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರ ಕಥೆಯೂ ಒಂದು ವಿಭಾಗಕ್ಕೆ ದಕ್ಕುವಂಥದ್ದಲ್ಲ.

ಜಮಖಂಡಿಯಲ್ಲಿ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಗಿದೆ. ಚಾಲುಕ್ಯರ ಈ ನೆಲದ ಸಂಸ್ಕೃತಿಯನ್ನು ಎಲ್ಲ ವಿಭಾಗಗಳೂ ಕೂಡಿ ಕಲಿಸುವ ಒಂದು ಸ್ನಾತಕೋತ್ತರ ತರಗತಿಯನ್ನು ಅಲ್ಲಿ ನಡೆಸಲಿ. ಅದಕ್ಕೆ ‘ಘಟಿಕೆ’ ಎಂದೇ ಹೆಸರಿಡಲಿ. ಈ ಸಲ ಅದರ ಮಹಾಜನರಲ್ಲಿ ಇಳಕಲ್ಲಿನ ನೇಕಾರರೂ ಬಾದಾಮಿಯ ಕಲ್ಲುಕೆಲಸದವರೂ ಇರಲಿ.