ಹಡಗು ಕೈಕೊಟ್ಟಾಗ ಟ್ರೆಲ್ಲಾ

ದುಬೈಯ ಜೆಬೆಲ್ ಅಲಿ ಬಂದರು, ಸೌದಿಯ ದಮ್ಮಾಮ್ ಬಂದರು ಎರಡೂ ಇರೋದು ಒಂದೇ ಸಮುದ್ರದ ದಡದಲ್ಲಿ. ಆದರೂ ಇಲ್ಲಿಂದ ಅಲ್ಲಿಗೆ ದಿನವೂ ಟ್ರೆಲ್ಲಾಗಳು ಮರಳುಗಾಡು ದಾಟಿ ಹೋಗುತ್ತವೆ. ಎರಡೂ ಕಡೆ ಬಂದರು ಇರುವಾಗ ಲಾರಿ ಯಾಕೆ? ಶಿಪ್ಪಿಂಗ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರನ್ನು ಕೇಳಿದರೆ "ಬೇಗ ಆಗುತ್ತೆ" ಅನ್ನುತ್ತಾರೆ. ಅದು ಅರ್ಧ ಉತ್ತರ. ಇನ್ನರ್ಧ ಇತಿಹಾಸದಲ್ಲಿದೆ.

ಅರವತ್ತರ ದಶಕದಲ್ಲಿ ಈ ದಾರಿಯೇ ಇರಲಿಲ್ಲ ಅಂದರೂ ತಪ್ಪಲ್ಲ. ಕರಾವಳಿಯುದ್ದಕ್ಕೂ ಸಬ್ಖಾ, ಅಂದರೆ ಉಪ್ಪುನೆಲ. ಒಣಗಿದಾಗ ಗಟ್ಟಿ, ಒದ್ದೆಯಾದರೆ ಚಕ್ರ ನುಂಗುವ ಕೆಸರು. ಅಬುಧಾಬಿ ದ್ವೀಪಕ್ಕೆ ಮಕ್ತಾ ಸೇತುವೆ ಬಂದದ್ದೇ 1968ರಲ್ಲಿ. ಅಲ್ಲಿಯವರೆಗೆ ಸಾಮಾನು ಊರಿಂದ ಊರಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಮರದ ಹಾಯಿಹಡಗುಗಳಲ್ಲಿ. ನಮ್ಮ ಮಂಗಳೂರು ಕಡೆಯವರು ಅದನ್ನು ಮಂಜಿ ಅಂತಾರಲ್ಲ, ಅಂಥವು.

1973ರಲ್ಲಿ ಎಣ್ಣೆಯ ಬೆಲೆ ಏರಿತು. ಕೈಯಲ್ಲಿ ದುಡ್ಡು ಬಂತು, ಸಿಮೆಂಟು, ಕಬ್ಬಿಣ, ಯಂತ್ರ ಎಲ್ಲವೂ ಒಟ್ಟಿಗೇ ಬೇಕಾಯಿತು. ಸಾಮಾನು ಬಂತು, ಇಳಿಸಲು ಜಾಗವಿಲ್ಲ! 1975–76ರಲ್ಲಿ ಸೌದಿ ಬಂದರುಗಳ ಹೊರಗೆ ಹಡಗುಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಲಂಗರು ಹಾಕಿ ಕಾದವು. ಜೆದ್ದಾದಲ್ಲಿ ಹಡಗಿನಿಂದ ಸಿಮೆಂಟ್ ಚೀಲಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ದಡಕ್ಕೆ ಹಾಕಿದರು ಅಂದರೆ ಪರಿಸ್ಥಿತಿ ಹೇಗಿತ್ತು ಊಹಿಸಿ. ಆಗ ಯುರೋಪಿನಿಂದ ಲಾರಿಗಳು ಟರ್ಕಿ, ಸಿರಿಯಾ, ಜೋರ್ಡಾನ್ ದಾಟಿ ಇಳಿದು ಬಂದವು. ಸೌದಿಯೊಳಗೆ ಅವು ಹಿಡಿದದ್ದು ಟ್ಯಾಪ್‌ಲೈನ್ ರಸ್ತೆ. 1950ರಲ್ಲಿ ಮುಗಿದ ಎಣ್ಣೆ ಪೈಪಿನ ಪಕ್ಕದಲ್ಲಿದ್ದ ಈ ರಸ್ತೆ ತುರೈಫ್, ರಫ್ಹಾ, ಕೈಸೂಮಾ ಹಾದು ಬರುತ್ತದೆ. ಬ್ರಿಟನ್ನಿನಿಂದ ಹೀಗೆ ಬಂದ ಚಾಲಕರ ಮೇಲೆ ಬಿಬಿಸಿ 1977ರಲ್ಲಿ 'ಡೆಸ್ಟಿನೇಷನ್ ದೋಹಾ' ಎಂಬ ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಅವರ ನಂತರ ಇದೇ ಗಲ್ಫ್ ರಸ್ತೆಗಳಲ್ಲಿ ಸ್ಟೇರಿಂಗ್ ಹಿಡಿದ ಪಠಾಣರು, ಪಂಜಾಬಿಗಳು, ಮಲಯಾಳಿಗಳು, ನಮ್ಮವರು ಇವರ ಬಗ್ಗೆ ಅಷ್ಟು ಕುತೂಹಲ ಯಾರಿಗೂ ಬರಲಿಲ್ಲ.

1979ರಲ್ಲಿ ಜೆಬೆಲ್ ಅಲಿ ಬಂದರು ತೆರೆಯಿತು, 1985ರಲ್ಲಿ ಫ್ರೀಜೋನ್. ಈಗ ಸಮಸ್ಯೆ ತಿರುಗಾಮುರುಗಾ. ದೊಡ್ಡ ಹಡಗು ಜೆಬೆಲ್ ಅಲಿಗೆ ಬಂದು ಎಲ್ಲಾ ಇಳಿಸಿ ಹೋಗುತ್ತದೆ. ಅಲ್ಲಿಂದ ಅಕ್ಕಪಕ್ಕದ ದೇಶಕ್ಕೆ ಸಣ್ಣ ಹಡಗು ಅಥವಾ ಟ್ರೆಲ್ಲಾ. ಹಡಗಾದರೆ ಕತಾರ್ ಸುತ್ತಿ ಹೋಗಬೇಕು, ಎರಡು ಕಡೆ ಬಂದರಿನ ಸರದಿ ಕಾಯಬೇಕು. ಟ್ರೆಲ್ಲಾ ನೇರವಾಗಿ ಗೋದಾಮಿನ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಆದರೆ ನಡುವೆ ಗಡಿ ಇದೆ. ಅಬುಧಾಬಿಯಿಂದ ಸುಮಾರು 350 ಕಿ.ಮೀ. ಹೋದರೆ ಗುವೈಫಾತ್, ಅದರಾಚೆ ಸೌದಿಯ ಬತ್‌ಹಾ. 1974ರ ಜೆದ್ದಾ ಒಪ್ಪಂದದಲ್ಲಿ ಯುಎಇ ಮತ್ತು ಕತಾರ್ ನಡುವಿನ ಕರಾವಳಿ ಪಟ್ಟಿ ಸೌದಿಗೆ ಹೋಯಿತು. ಹಾಗಾಗಿ ದುಬೈಯಿಂದ ದೋಹಾಕ್ಕೆ ಲಾರಿಯಲ್ಲಿ ಹೋಗುವವನೂ ಸೌದಿಯೊಳಗೆ ಹೊಕ್ಕೇ ಹೊರಬರಬೇಕು. ಒಂದು ಟ್ರಿಪ್ಪಿಗೆ ಎರಡು ಗಡಿ.

2003ರ ಜನವರಿ 1ರಿಂದ ಜಿಸಿಸಿ ಕಸ್ಟಮ್ಸ್ ಒಕ್ಕೂಟ ಬಂತು. ಹೊರಗಿನ ಸಾಮಾನಿಗೆ ಎಲ್ಲಾ ದೇಶಗಳಲ್ಲೂ ಸಾಮಾನ್ಯವಾಗಿ ಶೇ. 5 ಸುಂಕ, ಮೊದಲು ಇಳಿದ ಕಡೆಯೇ ಕಟ್ಟಿದರೆ ಮುಗಿಯಿತು ಅಂತ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. 2009ರ ಜೂನ್‌ನಲ್ಲಿ ಸೌದಿ ಕಡೆ ತಪಾಸಣೆ ಬಿಗಿಯಾದಾಗ ಗುವೈಫಾತ್‌ನಲ್ಲಿ ಕಿಲೋಮೀಟರುಗಟ್ಟಲೆ ಲಾರಿ ಸಾಲು ನಿಂತಿತು. ಜೂನ್ ಅಂದರೆ ಇಲ್ಲಿ ಏನು ಬಿಸಿಲು ಅಂತ ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿ ಸಕಲೇಶಪುರದಲ್ಲಿ ಸಿಕ್ಕಿಬಿದ್ದ ಲಾರಿಯವರನ್ನು ನೋಡಿದ್ದೇವೆ. ಅಲ್ಲಿ ಕಡೇಪಕ್ಷ ಒಂದು ಮರದ ನೆರಳು, ಒಂದು ಚಹಾದಂಗಡಿ ಸಿಗುತ್ತದೆ.

ಕಾಯುವ ಖರ್ಚು ಯಾರದು? ಹಡಗು ಕಾದರೆ ದಿನಕ್ಕಿಷ್ಟು ಅಂತ ಡೆಮರೇಜ್ ಲೆಕ್ಕ ಇದೆ, ಕಂಟೇನರ್ ಕಾದರೆ ಡಿಟೆನ್ಶನ್ ಇದೆ, ತರಕಾರಿ ರೀಫರ್ ಕಾದರೆ ಡೀಸೆಲ್ ಲೆಕ್ಕ ಇದೆ. ಟ್ರಿಪ್ ಲೆಕ್ಕದಲ್ಲಿ ದುಡಿಯುವ ಡ್ರೈವರ್ ಮೂರು ದಿನ ಕಾದರೆ? ಬಯಾನ್ ಕಾಗದದಲ್ಲಿ ಸರಕಿನ ತೂಕ, ಬೆಲೆ, ಸುಂಕ ಎಲ್ಲಾ ಬರುತ್ತದೆ. ಅವನ ಮೂರು ದಿನ ಬರೆಯಲು ಅದರಲ್ಲಿ ಕಾಲಂ ಇಲ್ಲ. ಈ ದಾರಿ ಅಗ್ಗ ಎನ್ನುವವರು ಆ ದಿನಗಳನ್ನು ಬಿಟ್ಟೇ ಲೆಕ್ಕ ಹಾಕುತ್ತಾರೆ ಅಂತ ನನಗೆ ಅನ್ನಿಸುತ್ತದೆ.

2017ರ ಜೂನ್ 5ರಂದು ಕತಾರ್ ಜತೆ ಸಂಬಂಧ ಕಡಿದಾಗ ಸಲ್ವಾ ಗಡಿ ಬಂದ್. ದೋಹಾದ ಸಾಮಾನು ಒಮಾನಿನ ಸೊಹಾರ್, ಸಲಾಲಾ ಬಂದರುಗಳ ಮೂಲಕ ಹಡಗು ಹತ್ತಿತು. ತಮಾಷೆ ನೋಡಿ, ಮುಂದಿನ ತಿಂಗಳೇ ಊರಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದು ಹೋದವು. ಸಲ್ವಾ ಮತ್ತೆ ತೆರೆದದ್ದು 2021ರ ಜನವರಿಯಲ್ಲಿ.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. 2024ರ ಜನವರಿಯಲ್ಲಿ ಜರ್ಮನಿಯ ಹಪಾಗ್-ಲಾಯ್ಡ್ ಕಂಪನಿ ಜೆಬೆಲ್ ಅಲಿ, ದಮ್ಮಾಮ್, ಜುಬೈಲ್‌ಗಳಿಂದ ಜೆದ್ದಾಕ್ಕೆ ನೆಲದ ಮೇಲೆ ಕಂಟೇನರ್ ಸಾಗಿಸುವುದಾಗಿ ಹೇಳಿತು. ಜೆಬೆಲ್ ಅಲಿಯಿಂದ ಜೆದ್ದಾ ಅಂದರೆ ಸುಮಾರು ಎರಡು ಸಾವಿರ ಕಿ.ಮೀ. ಒಂದು ಟ್ರೆಲ್ಲಾಕ್ಕೆ ಹಿಡಿಸೋದು ನಲವತ್ತಡಿಯ ಒಂದು ಡಬ್ಬ. ಹದಿನೈದು ಸಾವಿರ ಇಪ್ಪತ್ತಡಿ ಡಬ್ಬಗಳ ಒಂದು ಹಡಗಿನ ಬದಲಿಗೆ ಏಳೂವರೆ ಸಾವಿರ ಟ್ರೆಲ್ಲಾ ಬೇಕು. ಅಷ್ಟು ಡ್ರೈವರುಗಳೂ ಬತ್‌ಹಾದ ಅದೇ ಸಾಲಿನಲ್ಲಿ ನಿಲ್ಲಬೇಕು.